ಹುಲ್ಲಿನ ಕರು ನಿಲ್ಲದ ಕೊಟ್ಟಿಗೆ

ಶೇಷಮ್ಮ ತೀರಿಕೊಂಡಳು. ಹೋದ ಮಂಗಳವಾರ ಬೆಳಗ್ಗೆ, ಕಾರ್ಖಾನೆಯ ಏಳು ಗಂಟೆಯ ಕೂಗಿಗೆ ಸ್ವಲ್ಪ ಮುಂಚೆ, ಭದ್ರಾವತಿಯಲ್ಲಿ ತನ್ನ ಎಮ್ಮೆ ಕೊಟ್ಟಿಗೆಯಲ್ಲಿ. ಅವಳಿಗೆ ನಲವತ್ತೆಂಟೋ ನಲವತ್ತೊಂಬತ್ತೋ ಆಗಿತ್ತು. ನನಗಿಂತ ಒಂದು ಮಳೆಗಾಲಕ್ಕೆ ದೊಡ್ಡವಳು ಎಂದು ಅವಳೇ ಹೇಳುತ್ತಿದ್ದಳು. ಅದಕ್ಕಿಂತ ಖಚಿತವಾದ ದಾಖಲೆ ನಮ್ಮಿಬ್ಬರ ಹತ್ತಿರವೂ ಇಲ್ಲ.

ಅವಳ ಸಾವು ಯಾವ ಪತ್ರಿಕೆಯಲ್ಲೂ ಬರುವಂಥದ್ದಲ್ಲ. ಎಮ್ಮೆ ಸಾಕಿದಳು, ಹಾಲು ಮಾರಿದಳು, ಅಷ್ಟೆ. ಆದರೆ ಎಮ್ಮೆಗರು ಸಾಯುವುದು ಸಹಜ, ಅದಕ್ಕೇನು ಮಾಡುವುದು ಎಂದು ಊರೆಲ್ಲ ಒಪ್ಪಿಕೊಂಡಿದ್ದಾಗ ಅವಳೊಬ್ಬಳು ಒಪ್ಪಲಿಲ್ಲ. ಹನ್ನೆರಡು ವರ್ಷ ಒಪ್ಪಲಿಲ್ಲ. ಅದನ್ನು ಯಾರಾದರೂ ಬರೆದಿಡಬೇಕು. ಅವಳಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಆ ಕೆಲಸ ನನ್ನದು.

ನಾವಿಬ್ಬರೂ ಭದ್ರಾ ಹೊಳೆ ದಂಡೆಯ ಒಂದೇ ಹಳ್ಳಿಯವರು. ನನ್ನ ತಂದೆ ಅಲ್ಲಿ ಶಾಲೆಯ ಮೇಷ್ಟರು. ನಾನು ಒಳಗೆ ಮಗ್ಗಿ ಹೇಳುತ್ತಿದ್ದರೆ ಅವಳು ಕಿಟಕಿಯ ಹೊರಗೆ ಎಮ್ಮೆಯ ಬೆನ್ನ ಮೇಲೆ ಕೂತು ನನ್ನನ್ನು ಅಣಕಿಸುತ್ತಿದ್ದಳು. ಮಗ್ಗಿ ಅವಳಿಗೂ ಬಾಯಿಗೆ ಬಂದಿತ್ತು. ಅಕ್ಷರ ಮಾತ್ರ ಕಿಟಕಿಯಾಚೆಯಿಂದ ಕಾಣುತ್ತಿರಲಿಲ್ಲ. ಮುಂದೆ ನಾನು ಓದಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿದೆ. ಅವಳು ಕೆಂಚಪ್ಪನನ್ನು ಮದುವೆಯಾಗಿ ಭದ್ರಾವತಿಗೆ ಹೋದಳು. ಕಬ್ಬಿಣದ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಕೆಂಚಪ್ಪ ಕುಲುಮೆಗೆ ಇದ್ದಿಲು ಹೊರುತ್ತಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಚಳಿಜ್ವರ ಅವನನ್ನು ಹತ್ತೇ ದಿನದಲ್ಲಿ ಮುಗಿಸಿತು. ಮಕ್ಕಳಿರಲಿಲ್ಲ. ಎರಡು ಎಮ್ಮೆ ಇದ್ದವು.

ಆಗಿನ ಭದ್ರಾವತಿಯಲ್ಲಿ ಹಾಲಿಗೆ ಗಿರಾಕಿಯನ್ನು ಹುಡುಕಬೇಕಾಗಿರಲಿಲ್ಲ. ತಮಿಳರು, ತೆಲುಗರು, ನಮ್ಮವರು ಎಲ್ಲ ಕಡೆಯಿಂದ ಬಂದು ತುಂಬಿಕೊಂಡಿದ್ದರು. ಹೋಟೆಲುಗಳು ಬೆಳಗಿನ ಜಾವಕ್ಕೇ ಒಲೆ ಹಚ್ಚುತ್ತಿದ್ದವು. ಕೊಟ್ಟಿಗೆಗಳಿಂದ ಹಾಲು ಎತ್ತಿ ಹೋಟೆಲುಗಳಿಗೂ ಮನೆಗಳಿಗೂ ಕೊಡುತ್ತಿದ್ದವನು ಸುಬ್ಬಪ್ಪ. ದಪ್ಪ ಹೊಟ್ಟೆ, ಯಾವಾಗಲೂ ನಗುಮುಖ, ಬಿಳಿ ಪಂಚೆ. ಅವನದೊಂದೇ ಕರಾರು: ಎಮ್ಮೆಯ ನಾಲ್ಕೂ ಮೊಲೆಯ ಹಾಲು ಅವನಿಗೇ ಬರಬೇಕು.

ನಾಲ್ಕೂ ಮೊಲೆ ಕರೆದರೆ ಕರುವಿಗೆ ಏನೂ ಉಳಿಯುವುದಿಲ್ಲ. ಕರು ಒಣಗಿ, ತಿಂಗಳೊಳಗೆ ಸಾಯುತ್ತಿತ್ತು. ಆದರೆ ಕರು ಎದುರಿಗಿಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೂ ಜನ ದಾರಿ ಕಂಡುಕೊಂಡಿದ್ದರು. ಸತ್ತ ಕರುವಿನ ಚರ್ಮ ಸುಲಿದು, ಒಳಗೆ ಹುಲ್ಲು ತುಂಬಿ ಹೊಲಿದು, ನಾಲ್ಕು ಕೋಲಿನ ಕಾಲು ಕೊಟ್ಟು ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಅದನ್ನು ಮೂಸುತ್ತದೆ, ನೆಕ್ಕುತ್ತದೆ, ಹಾಲು ಇಳಿಸುತ್ತದೆ. ಹುಲ್ಲಿನ ಕರು ಹಾಲು ಕೇಳುವುದಿಲ್ಲ. ಹಾಲಿನವರ ಮನೆಗಳಲ್ಲಿ ಗೂಟಕ್ಕೊಂದು ಹುಲ್ಲಿನ ಕರು ಇರುತ್ತಿತ್ತು. ನಾನು ಅದನ್ನು ನೂರು ಸಲ ನೋಡಿದ್ದೆ. ಏನೂ ಅನ್ನಿಸಿರಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಶೇಷಮ್ಮನ ಮೊದಲ ಕರುವನ್ನು ಕೊಂದದ್ದು ಸುಬ್ಬಪ್ಪ ಅಲ್ಲ. ಅವಳೇ. ಈ ಮಾತನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಹಾಲು ಮಾರಲೇಬೇಕು, ಕರುವೂ ಉಳಿಯಬೇಕು, ಹಾಗಾದರೆ ಹಾಲಿನ ಬದಲು ಕಾಳು ಹಾಕಬೇಕು ಎಂದು ಅವಳು ಲೆಕ್ಕ ಹಾಕಿದಳು. ಯಾವ ಕಾಳು? ಅವಳ ಅಪ್ಪ ಗಾಡಿ ಓಟಕ್ಕೆ ಎತ್ತುಗಳನ್ನು ತಯಾರು ಮಾಡುತ್ತಿದ್ದದ್ದು ನೆನೆಸಿದ ಹುರುಳಿಯಲ್ಲಿ. ಎತ್ತಿಗೆ ಶಕ್ತಿ ಕೊಡುವುದು ಕರುವಿಗೂ ಕೊಡುತ್ತದೆ ಎಂದು ನಂಬಿ, ಇಪ್ಪತ್ತು ದಿನದ ಕರುವಿನ ಬಾಯಿಗೆ ಎರಡು ಬೊಗಸೆ ಹುರುಳಿ ತುರುಕಿದಳು. ಮೇಲೆ ನೀರು ಕುಡಿಸಿದಳು. ಮಧ್ಯಾಹ್ನದೊಳಗೆ ಕರುವಿನ ಹೊಟ್ಟೆ ಗಡಿಗೆಯಂತೆ ಉಬ್ಬಿತು. ಹೊತ್ತು ಮುಳುಗುವಾಗ ಸತ್ತಿತು. ಸುಬ್ಬಪ್ಪನ ಕಡೆಯವರು ಬಂದು ಅದನ್ನು ಹೊತ್ತೊಯ್ದರು.

ಮೂರನೆಯ ದಿನ ಸುಬ್ಬಪ್ಪ ಬಂದ. ಅವನ ಹಿಂದೆ ಒಬ್ಬ ಆಳು, ಆಳಿನ ಹೆಗಲ ಮೇಲೆ ಹುಲ್ಲು ತುಂಬಿದ ಅದೇ ಕರು.

"ತಗೋ ಶೇಷಮ್ಮ," ಎಂದ ಸುಬ್ಬಪ್ಪ. "ಇದಕ್ಕೆ ಹುರುಳಿ ಬೇಡ, ಹೊಟ್ಟೆನೂ ಉಬ್ಬಲ್ಲ. ಚಿನ್ನದಂಥ ಕರು."

ಅವನು ಕೇಡು ಬಯಸಿ ಆಡಿದ ಮಾತಲ್ಲ. ಎಲ್ಲರಿಗೂ ಮಾಡಿಕೊಡುವ ಉಪಕಾರವನ್ನು ಅವಳಿಗೂ ಮಾಡಿದ್ದ. ಶೇಷಮ್ಮ ಅದನ್ನು ಎಮ್ಮೆಯ ಮುಂದೆ ನಿಲ್ಲಿಸಿದಳು. ಎಮ್ಮೆ ಅದರ ಕಿವಿ ನೆಕ್ಕಿತು. ಕರು ಬದುಕಿದ್ದಾಗ ನೆಕ್ಕುತ್ತಿದ್ದ ಜಾಗವೇ. ಅವಳು ಹಾಲು ಕರೆದಳು. ಹೀಗೆ ಎಂಟು ದಿನ ಕರೆದಳು. ಒಂಬತ್ತನೆಯ ದಿನ ಅದರ ಕಿವಿಯ ಹತ್ತಿರ ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ ಬಂದಿತ್ತು. ಎಮ್ಮೆ ಆ ಹುಲ್ಲನ್ನು ಎಳೆದು ಮೇಯುತ್ತಿತ್ತು.

ಶೇಷಮ್ಮ ಹುಲ್ಲಿನ ಕರುವನ್ನು ಹೊತ್ತುಕೊಂಡು ಹೊಳೆಗೆ ಹೋಗಿ ಬಿಟ್ಟು ಬಂದಳು. ಬರುವಾಗ ಸುಬ್ಬಪ್ಪನ ಅಂಗಡಿ ಮುಂದೆ ನಿಂತು ಹೇಳಿದಳು: "ಸುಬ್ಬಪ್ಪೋರೆ, ಇನ್ನು ನನ್ನ ಕೊಟ್ಟಿಗೇಲಿ ಇಂಥದ್ದು ನಿಲ್ಲಲ್ಲ. ನಾಲ್ಕು ಮೊಲೇಲಿ ಎರಡು ಕರುವಿಗೆ. ಬೇಕಾದ್ರೆ ತಗೊಳಿ, ಬೇಡದಿದ್ರೆ ಬಿಡಿ."

ಸುಬ್ಬಪ್ಪ ಬಿಟ್ಟ. ಅವಳು ತಂಬಿಗೆ ಹಿಡಿದು ಮನೆ ಮನೆಗೆ ಹೋಗಿ ಹಾಲು ಹಾಕಲು ಶುರು ಮಾಡಿದಳು.

ಎರಡು ಮೊಲೆಯ ಹಾಲನ್ನು ಮಾರಿ ಬದುಕುವುದು ಕಷ್ಟ. ಆದ್ದರಿಂದ ಎರಡು ತಿಂಗಳಾದ ಮೇಲೆ ಕರುವಿಗೆ ಒಂದು ಮೊಲೆ, ನಾಲ್ಕು ತಿಂಗಳಾದ ಮೇಲೆ ಒಂದೂ ಇಲ್ಲ, ಹಾಲು ಕಡಿಮೆಯಾದಂತೆ ಕಾಳು ಹೆಚ್ಚಬೇಕು. ಇದು ಅವಳ ಯೋಜನೆ. ಎಲ್ಲವೂ ನಿಂತದ್ದು ಸರಿಯಾದ ಕಾಳಿನ ಮೇಲೆ. ಅದನ್ನು ಕೇಳಲೆಂದೇ ಅವಳು ರೈಲು ಹತ್ತಿ ದುರ್ಗಿಗುಡಿಯ ನನ್ನ ಮನೆಗೆ ಬಂದಳು. ಕೈಯಲ್ಲಿ ಸರ್ಕಾರದ ಒಂದು ಕರಪತ್ರ ಇತ್ತು. ದನದ ಆಸ್ಪತ್ರೆಯಲ್ಲಿ ಕೊಟ್ಟಿದ್ದರಂತೆ.

"ಓದು ರಾಜಿ."

ನನ್ನ ಹೆಸರು ಬಸವರಾಜೇಶ್ವರಿ. ಅದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಅವಳಿಗೆ ಎಂದೂ ಇರಲಿಲ್ಲ. ನಾನು ಓದಿದೆ. ಮುಸುಕಿನ ಜೋಳ ಇಷ್ಟು ಪಾಲು, ಕಡಲೆಕಾಯಿ ಹಿಂಡಿ ಇಷ್ಟು, ಗೋಧಿ ಬೂಸಾ ಇಷ್ಟು.

"ಗೋಧಿ ಬೂಸಾನಾ? ಭದ್ರಾವತೀಲಿ ಗೋಧಿನ ಯಾರು ಕಂಡಿದ್ದಾರೆ? ಇದನ್ನ ಬರೆದ ಮಹಾರಾಯ ಕರು ಸಾಕಿದ್ನೇನೆ?"

"ದೊಡ್ಡ ಓದು ಓದಿದವರು ಬರೆದಿರ್ತಾರೆ ಕಣೆ."

"ಓದಿದ್ದು ಸರಿ. ಆ ಕರು ಮಾರನೆ ದಿನ ಸಗಣಿ ಹೆಂಗೆ ಹಾಕ್ತು ಅಂತ ಬರೆದಿದ್ದಾನಾ ನೋಡು."

ಬರೆದಿರಲಿಲ್ಲ. ಕರಪತ್ರ ಅವಳನ್ನು ತಪ್ಪು ದಾರಿಗೇನೂ ಹಚ್ಚಲಿಲ್ಲ. ಅದರಲ್ಲಿದ್ದ ಹಿಂಡಿಯನ್ನೂ ಮುಸುಕಿನ ಜೋಳವನ್ನೂ ಅವಳು ಇಟ್ಟುಕೊಂಡಳು. ಆದರೆ ಸಗಣಿಯ ಆ ಮಾತು ಹಾಸ್ಯಕ್ಕೆ ಆಡಿದ್ದಲ್ಲ ಎಂದು ಮುಂದಿನ ಸಲ ಭದ್ರಾವತಿಗೆ ಹೋದಾಗ ನನಗೆ ಗೊತ್ತಾಯಿತು.

ಹೊಳೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಬಿದಿರಿನ ಜರಡಿಯಲ್ಲಿ ಕರುವಿನ ಸಗಣಿ ಹಾಕಿ ತೊಳೆಯುತ್ತಿದ್ದಳು. ಸಗಣಿ ಹರಿದುಹೋದ ಮೇಲೆ ಜರಡಿಯಲ್ಲಿ ಉಳಿದ ಕಾಳನ್ನು ಬೆರಳಿನಿಂದ ಬಿಡಿಸಿ ನೋಡುತ್ತಿದ್ದಳು. ಇಡೀ ಜೋಳ ಹಾಕಿದ ದಿನ ಜೋಳ ಇಡಿಯಾಗಿಯೇ ಹೊರಗೆ ಬಂದಿತ್ತು. ಕರುವಿನ ಹೊಟ್ಟೆಯಲ್ಲಿ ಸುಮ್ಮನೆ ಸುತ್ತಾಡಿ ಬಂದಿದೆ ಎಂದಳು. ನುಣ್ಣಗೆ ಹಿಟ್ಟು ಮಾಡಿ ಹಾಕಿದ ದಿನ ಕರು ಭೇದಿ ಮಾಡಿತ್ತು. ಬೀಸುಕಲ್ಲಿನಲ್ಲಿ ಒಡೆದು ನುಚ್ಚು ಮಾಡಿ ಹಾಕಿದ ದಿನ ಜರಡಿ ಖಾಲಿ. ಹುರುಳಿಯನ್ನೂ ಅವಳು ಬಿಡಲಿಲ್ಲ. ಬೇಯಿಸಿ, ಕರು ಮೆಲುಕು ಹಾಕಲು ಕಲಿತ ಮೇಲೆ, ಒಂದೇ ಹಿಡಿ. "ಮೆಲುಕು ಹಾಕೋ ಮುಂಚೆ ಅದರ ಹೊಟ್ಟೆ ಎತ್ತಿನ ಹೊಟ್ಟೆ ಅಲ್ಲ ಕಣೆ, ನನಗೆ ಅದು ಗೊತ್ತಿರ್ಲಿಲ್ಲ" ಎಂದು ಹೇಳುವಾಗ ಅವಳ ಕಣ್ಣು ಜರಡಿಯ ಮೇಲೇ ಇತ್ತು.

ಬಟ್ಟೆ ಒಗೆಯಲು ಬಂದ ಹೆಂಗಸರು ಮೇಲಿನ ಕಲ್ಲಿನಿಂದ ಕೂಗಿದರು. "ಶೇಷಮ್ಮ, ಇವತ್ತು ಸಾರಿಗೆ ಸಾಕಾಗುವಷ್ಟು ಸಿಕ್ತಾ?"

"ಸಿಕ್ತು ಮಾರಾಯ್ತಿ. ಬಾ, ನಿಂಗೂ ಒಂದು ಬಟ್ಟಲು ಕೊಡ್ತೀನಿ."

ಆ ಹೆಂಗಸರಿಂದ ಅವಳಿಗೆ ಹೆಸರು ಬಂತು, ಜರಡಿ ಶೇಷಮ್ಮ. ಅವಳ ಮನೆ ಕೇಳಿದವರಿಗೆ ಊರಿನವರು ಇವತ್ತಿಗೂ ಆ ಹೆಸರಿನಿಂದಲೇ ದಾರಿ ತೋರಿಸುತ್ತಾರೆ.

ಒಂದು ಸಲ ಶಿವಮೊಗ್ಗದ ಪೇಟೆಗೆ ಅವಳ ಜೊತೆ ತೌಡು ತರಲು ಹೋಗಿದ್ದೆ. ಮಿಲ್ಲಿನ ತೌಡು, ನೋಡಲು ಚೆಂದ ಹಳದಿ. ಶೇಷಮ್ಮ ಅಂಗಡಿಯವನ ಕುಡಿಯುವ ನೀರಿನ ಚೊಂಬನ್ನೇ ಎತ್ತಿಕೊಂಡು ಒಂದು ಹಿಡಿ ತೌಡು ಅದರೊಳಗೆ ಹಾಕಿದಳು. ತೌಡು ನೀರು ಹೀರಿ ಕೆಳಗೆ ಇಳಿಯಿತು. ಮೇಲೆ ಎರಡು ಬೆರಳು ದಪ್ಪ ಉಮಿ ತೇಲಿತು. ನುಣ್ಣಗೆ ಅರೆದು ಬೆರೆಸಿದ್ದರು.

"ಯಾರೂ ಹೇಳದ ತಕರಾರು ನಿಂದೇನಮ್ಮ?" ಅಂಗಡಿಯವನು ಸಿಟ್ಟಾದ. "ಇಡೀ ಶಿವಮೊಗ್ಗ ಇದನ್ನೇ ಒಯ್ಯುತ್ತೆ. ದನ ತಾನೇ ತಿನ್ನೋದು!"

"ದನಕ್ಕೆ ಬಾಯಿ ಇಲ್ಲ ಅಂತಾನೇ ನೀವು ಬೆರೆಸಿದ್ದು. ನನಗಿದೆ." ಅವಳು ಚೊಂಬನ್ನು ಗಲ್ಲಾಪೆಟ್ಟಿಗೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. "ಕುಡೀರಿ."

ನನ್ನ ಶಾಲೆಯ ಇಬ್ಬರು ಹುಡುಗಿಯರ ತಂದೆ ಅಲ್ಲೇ ನಿಂತಿದ್ದರು. ನಾನು ಸೆರಗು ಮುಚ್ಚಿಕೊಂಡು ಹೊರಗೆ ಬಂದೆ. ಅವಳು ಹಿಂದೆಯೇ ಬಂದು, "ನಿಂಗೆ ಅವಮಾನ ಆಯ್ತಾ?" ಎಂದಳು. ಹೌದು ಎಂದೆ. "ಒಳ್ಳೇದು. ನಾಳೆ ಅವನು ನಿನ್ನ ಮನೆ ಅಕ್ಕಿಗೆ ಕಲ್ಲು ಬೆರೆಸೋ ಮುಂಚೆ ಯೋಚನೆ ಮಾಡ್ತಾನೆ." ಅಂದಿನಿಂದ ಅವಳು ಮಿಲ್ಲಿನ ತೌಡು ಬಿಟ್ಟು, ಮನೆಯಲ್ಲಿ ಭತ್ತ ಕುಟ್ಟುವವರಿಂದ ತೌಡು ಕೇಳಿ ತರುತ್ತಿದ್ದಳು.

ಅವಳು ಜಗಳ ಮಾಡದ ಜಾಗ ಇರಲಿಲ್ಲ. ಗಿಣ್ಣಿನ ವಿಷಯದಲ್ಲಿ ನನ್ನ ಜೊತೆಗೂ ಮಾಡಿದಳು. ಎಮ್ಮೆ ಈದರೆ ಮೊದಲ ಮೂರು ದಿನದ ಗಟ್ಟಿ ಹಾಲನ್ನು ಕೇರಿಗೆಲ್ಲ ಹಂಚುವುದು ನಮ್ಮಲ್ಲಿ ಪದ್ಧತಿ. ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸುತ್ತಾರೆ. ಕೊಡದಿದ್ದರೆ ಎಮ್ಮೆಗೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನಲವತ್ತೊಂದರ ಮಾಘದಲ್ಲಿ ಅವಳ ದೊಡ್ಡ ಎಮ್ಮೆ ಈದ ಸುದ್ದಿ ಕೇಳಿ ನಾನು ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ರೈಲು ಹತ್ತಿದ್ದೆ. ಹೋಗಿ ನೋಡಿದರೆ ಎದುರುಮನೆಯ ಜಲಜಮ್ಮ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ಕೊಡಲ್ಲ ಅಂದ್ರೆ ಏನರ್ಥ ಶೇಷಮ್ಮ? ನಮ್ಮನೇದು ನೀನು ತಿಂದಿಲ್ವಾ?"

"ತಿಂದಿದ್ದೀನಿ. ತಪ್ಪು ಮಾಡಿದ್ದೆ. ಇದು ಕರುವಿನ ಹಾಲು. ಮೂರು ದಿನ ಅದು ಕುಡೀಲಿ. ಆಮೇಲೆ ಮಿಕ್ಕಿದ್ರೆ ಕರೀತೀನಿ."

"ಮೂರು ದಿನ ಆದ್ಮೇಲೆ ಗಿಣ್ಣೆಲ್ಲಿ ಬರುತ್ತೆ? ಬರೀ ಹಾಲು!"

"ಹಾಗಾದ್ರೆ ಬರೀ ಹಾಲು ತಗೊಂಡ್ಹೋಗು."

ಜಲಜಮ್ಮ ಮುಖ ತಿರುಗಿಸಿ ಹೋದಳು, ಎರಡು ವರ್ಷ ಮಾತು ಬಿಟ್ಟಳು. ಶೇಷಮ್ಮ ನನ್ನ ಕೈಯ ಕ್ಯಾರಿಯರ್ ನೋಡಿದಳು. "ನೀನೂನಾ?" ಖಾಲಿ ಕ್ಯಾರಿಯರ್ ಹಿಡಿದು ನಾನು ವಾಪಸಾದೆ. ಗಿಣ್ಣು ಎಂದರೆ ನನಗೆ ಪ್ರಾಣ.

ಆಗ ಹುಟ್ಟಿದ್ದು ಹೆಣ್ಣುಗರು. ಹಣೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಇತ್ತು. ಚುಕ್ಕಿ ಎಂದು ಹೆಸರಿಟ್ಟಳು. ಅಷ್ಟರಲ್ಲಿ ಅವಳ ಕೊಟ್ಟಿಗೆಯಲ್ಲಿ ನಾಲ್ಕು ಕರು ಬದುಕಿದ್ದವು. ನಾಲ್ಕೂ ಕೋಣಗರು, ಗದ್ದೆ ಉಳುವವರು ಒಯ್ದಿದ್ದರು. ಸುಬ್ಬಪ್ಪನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ಕೂತು, ಹಾಲು ಹಾಕಿ ಆ ದಾರಿಯಲ್ಲಿ ಬರುತ್ತಿದ್ದ ಅವಳನ್ನು ನಿಲ್ಲಿಸಿ, ಹಾಲಿನವರೆಲ್ಲ ಕೇಳುವಂತೆ ಹೇಳಿದ: "ಕೋಣ ಬದುಕಿದ್ರೆ ಏನು ಬಂತು? ತಾಯಿ ಹಾಲು ಬಿಡಿಸಿ ಕಾಳು ತಿನ್ನಿಸಿದ ಹೆಣ್ಣುಗರು ಬೆಳೆಯಲ್ಲ, ಗಬ್ಬ ಕಟ್ಟಲ್ಲ. ಆ ಚುಕ್ಕಿ ಈದ ದಿನ ನಾನೇ ಬಂದು ನಿನ್ನ ಕೊಟ್ಟಿಗೆ ಸಗಣಿ ಬಾಚ್ತೀನಿ ಶೇಷಮ್ಮ."

"ಬುಟ್ಟಿ ನಂದೇ ಇದೆ, ನೀವು ಕೈ ಬೀಸ್ಕೊಂಡು ಬನ್ನಿ," ಎಂದಳು ಶೇಷಮ್ಮ.

ಬೆಂಚಿನಲ್ಲಿ ಕೂತವರು ನಕ್ಕರು. ಆದರೆ ಅಲ್ಲಿದ್ದ ಪ್ರತಿಯೊಬ್ಬನ ಕೊಟ್ಟಿಗೆಯಲ್ಲೂ ಹುಲ್ಲಿನ ಕರು ಇತ್ತು. ಚುಕ್ಕಿ ಈದರೆ ಅವುಗಳನ್ನು ಇಟ್ಟುಕೊಳ್ಳಲು ನೆವ ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಈಯದಿದ್ದರೆ ಶೇಷಮ್ಮನ ಇಷ್ಟು ವರ್ಷದ ಪಾಡು ಬರೀ ಹಠ ಎನ್ನಿಸಿಕೊಳ್ಳುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಚುಕ್ಕಿಗೆ ಅವಳು ಒಂದು ಹಗ್ಗ ಇಟ್ಟಳು. ಪ್ರತಿ ಹುಣ್ಣಿಮೆಯ ದಿನ ಮುಂಗಾಲ ಹಿಂದೆ ಎದೆಯ ಸುತ್ತ ಹಗ್ಗ ಹಿಡಿದು, ಸೇರಿದ ಜಾಗಕ್ಕೆ ಒಂದು ಗಂಟು. ಗಂಟಿನಿಂದ ಗಂಟಿಗೆ ಎಷ್ಟು ಬೆರಳು ಎಂದು ನೋಡುತ್ತಿದ್ದಳು. ಗಂಟುಗಳು ಹತ್ತಿರ ಬಂದರೆ ಮೇವು ಬದಲಾಯಿಸುತ್ತಿದ್ದಳು: ನುಚ್ಚು ಒಂದು ಹಿಡಿ ಹೆಚ್ಚು, ಹಿಂಡಿ ಅರ್ಧ ಹಿಡಿ ಹೆಚ್ಚು, ಚಿಟಿಕೆ ಉಪ್ಪು. ಮರುದಿನ ಜರಡಿ. ನಾನು ಶಾಲೆಯಲ್ಲಿ ಇಪ್ಪತ್ತು ವರ್ಷ ಪ್ರಗತಿ ಪತ್ರ ತುಂಬಿದ್ದೇನೆ. ಒಂದನ್ನೂ ಅಷ್ಟು ಶ್ರದ್ಧೆಯಿಂದ ತುಂಬಲಿಲ್ಲ.

ಚುಕ್ಕಿಗೆ ಎರಡು ವರ್ಷ ತುಂಬಿದಾಗ ಯುದ್ಧ ನಮ್ಮ ಅಡಿಗೆಮನೆಗೂ ಬಂದಿತ್ತು. ರಾಗಿ, ಜೋಳ, ಅಕ್ಕಿ ಎಲ್ಲಕ್ಕೂ ರೇಷನ್ ಚೀಟಿ. ಮನುಷ್ಯರು ತಿನ್ನುವ ಕಾಳನ್ನು ದನಕ್ಕೆ ಹಾಕಬಾರದೆಂದು ಅವಳ ಕೇರಿಯಲ್ಲಿ ತಮಟೆ ಬಾರಿಸಿ ಸಾರಿದರು. ಶೇಷಮ್ಮ ಹಾಕುತ್ತಲೇ ಇದ್ದಳು. ಯಾರೋ ಅರ್ಜಿ ಕೊಟ್ಟರು. ಯಾರೆಂದು ಅವಳು ಕೊನೆಯವರೆಗೂ ವಿಚಾರಿಸಲಿಲ್ಲ. ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ಕಂದಾಯ ಇಲಾಖೆಯ ಶೇಕದಾರರು ಬಂದರು. ಕೊಡೆ, ಕೋಟು, ಹಿಂದೆ ಒಬ್ಬ ಜವಾನ, ಅವನ ಹಿಂದೆ ಅರ್ಧ ಕೇರಿ.

"ಇದೇನಮ್ಮ ಬಾನಿಯೊಳಗೆ?"

"ಜೋಳದ ನುಚ್ಚು ಸ್ವಾಮಿ."

"ಜನ ಊಟಕ್ಕೆ ಸಾಲು ನಿಂತಿದ್ದಾರೆ. ನೀನು ಎಮ್ಮೆಗೆ ಜೋಳ ತಿನ್ನಿಸ್ತೀಯ?"

"ಅದೇ ಸಾಲಲ್ಲಿ ನಿಂತು ತಂದಿದ್ದು. ಇಕೊಳ್ಳಿ ಚೀಟಿ. ಇದು ನನ್ನ ಪಾಲಿನ ಜೋಳ."

"ನಿನ್ನ ಪಾಲು ಕೊಟ್ಟಿರೋದು ನೀನು ತಿನ್ನೋಕೆ."

"ನಾನು ತಿಂದ್ನೋ ಇಲ್ವೋ ಅಂತ ಇಷ್ಟು ದಿನ ಯಾರೂ ಕೇಳಿರ್ಲಿಲ್ಲ. ಇವತ್ತು ಸರ್ಕಾರಾನೇ ಕೊಡೆ ಹಿಡ್ಕೊಂಡು ಕೇಳೋಕೆ ಬಂತು!"

ಕೇರಿ ನಕ್ಕಿತು. ಶೇಕದಾರರು ನಗು ತಡೆದುಕೊಂಡರು ಎಂದು ನನಗೆ ಅನ್ನಿಸಿತು. "ಮತ್ತೆ ನೀನು ಏನು ತಿಂತೀಯಮ್ಮ?"

"ಗೆಣಸು. ಒಲೆ ಮೇಲಿದೆ, ಬೆಂದಿರುತ್ತೆ. ಬನ್ನಿ, ಎರಡು ತಿನ್ನಿ."

ಅವರು ತಿನ್ನಲಿಲ್ಲ. ಇನ್ನೊಂದು ಸಲ ಕಂಡರೆ ಜೋಳವನ್ನೂ ಚೀಟಿಯನ್ನೂ ಕಿತ್ತುಕೊಳ್ಳಬೇಕಾಗುತ್ತದೆ ಎಂದು ಹೇಳಿ ಹೋದರು. ಜನ ಚದುರಿದ ಮೇಲೆ ಶೇಷಮ್ಮ ಕಟ್ಟೆಯ ಮೇಲೆ ಕೂತಳು. ಒಂದು ಗೆಣಸು ಮುರಿದು ಅರ್ಧ ನನಗೆ ಕೊಟ್ಟಳು.

"ಆ ಮನುಷ್ಯ ಹೇಳಿದ್ದು ಸುಳ್ಳಲ್ಲ ರಾಜಿ," ಎಂದಳು. "ಸಾಲಲ್ಲಿ ಕೂಸು ಎತ್ಕೊಂಡು ನಿಂತವರನ್ನ ನಾನೂ ನೋಡಿದ್ದೀನಿ. ಅವರ ಕಣ್ಣೆದುರು ಜೋಳ ಹೊತ್ಕೊಂಡು ಬರೋಕೆ ನನಗೇನು ಖುಷಿನಾ? ಮನುಷ್ಯರು ತಿನ್ನದೇ ಇರೋದು ಏನಾದ್ರೂ ಹುಡುಕ್ಬೇಕು. ಆದ್ರೆ ಚುಕ್ಕಿ ಗಂಟು ಹಿಂದಕ್ಕೆ ಸರಿಯೋಕೆ ಬಿಡಲ್ಲ."

ಅವಳು ಹುಡುಕಿದ್ದು ಹುಣಸೆಬೀಜ. ಹಣ್ಣು ಬಿಡಿಸಿದ ಮೇಲೆ ಬೀಜವನ್ನು ಎಲ್ಲರೂ ಎಸೆಯುತ್ತಾರೆ. ದುರ್ಗಿಗುಡಿಯಲ್ಲಿ ಮನೆ ಮನೆಯಲ್ಲೂ ಇತ್ತು. ನನ್ನ ಶಾಲೆಯ ಹುಡುಗಿಯರಿಗೆ ಹೇಳಿದೆ. ಚೌಕಾಬಾರದ ಆಟಕ್ಕೆ ಇಟ್ಟುಕೊಂಡ ಬೀಜಗಳನ್ನೂ ಬಿಡದೆ ಲಂಗದ ಮಡಿಲಲ್ಲಿ ತುಂಬಿ ತಂದರು. ಪ್ರತಿ ಶನಿವಾರ ಒಂದು ಚೀಲ ಹುಣಸೆಬೀಜದೊಂದಿಗೆ ನಾನು ರೈಲು ಹತ್ತುತ್ತಿದ್ದೆ. ಟಿಕೆಟ್ ಕಲೆಕ್ಟರಿಗೆ ನನ್ನ ತಲೆ ಸರಿ ಇದೆಯೇ ಎಂದು ಅನುಮಾನ ಬಂದಿತ್ತು.

ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ ಕೆಂಪು ಸಿಪ್ಪೆ ಹಾರಿಸಿ, ನೆನೆಸಿ, ಬೇಯಿಸಿ, ಹಿಂಡಿಯ ನೀರಿನಲ್ಲಿ ಕಲಸಿ ಇಟ್ಟಳು. ಚುಕ್ಕಿ ಮೂಸಿ ಮುಖ ತಿರುಗಿಸಿತು. ಎರಡನೆಯ ದಿನವೂ ಅಷ್ಟೇ. ಶೇಷಮ್ಮ ಬಾನಿಯ ಮುಂದೆ ಕೂತು ಎಮ್ಮೆಯ ಜೊತೆಗೂ ಜಗಳವಾಡಿದಳು. "ಶೇಕದಾರ ಬಿಡಲ್ಲ, ಸುಬ್ಬಪ್ಪ ಬಿಡಲ್ಲ, ನೀನೂ ಅವರ ಪಾರ್ಟಿನಾ? ತಿನ್ನು!" ಅವಳ ಅಂಗೈಯ ಉಪ್ಪಿನ ಜೊತೆ ಮೂರನೆಯ ದಿನ ಅದು ತಿಂದಿತು. ಮೊದಲ ವಾರ ಜರಡಿಯಲ್ಲಿ ಬೀಜದ ಚೂರು ಸಿಕ್ಕಿದವು. ಇನ್ನಷ್ಟು ಹೊತ್ತು ನೆನೆಸಿದಳು. ಸಿಗುವುದು ನಿಂತಿತು. ಮುಂದಿನ ಹುಣ್ಣಿಮೆಗೆ ಹೊಸ ಗಂಟು ಹಳೆಯ ಗಂಟಿನಿಂದ ಒಂದು ಬೆರಳು ಮುಂದೆಯೇ ಬಿತ್ತು. ಆಮೇಲೆ ಶೇಕದಾರರು ಮತ್ತೊಮ್ಮೆ ಬಂದು ಬಾನಿಯಲ್ಲಿ ಕೈ ಆಡಿಸಿ ನೋಡಿದರು. ಇದನ್ನು ಮನುಷ್ಯರು ತಿನ್ನುವುದಿಲ್ಲವಲ್ಲ ಎಂದು ಶೇಷಮ್ಮನೇ ಅವರನ್ನು ಕೇಳಿದಳು. ಅವರು ಕೈ ತೊಳೆಯಲು ನೀರು ಕೇಳಿದರು.

ನಲವತ್ತೈದರ ಬೇಸಿಗೆಗೆ ಮುಂಚೆ ಚುಕ್ಕಿ ಈದಿತು. ಹೆಣ್ಣುಗರು. ಶೇಷಮ್ಮ ಸುಬ್ಬಪ್ಪನಿಗೆ ಹೇಳಿ ಕಳಿಸಿದಳು. ಅವನು ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಬುಟ್ಟಿ ಇಟ್ಟು ಕಾಯುತ್ತಿದ್ದಳು.

"ಬಿಡು ಮಾರಾಯ್ತಿ. ಏನೋ ಮಾತಿಗೆ ಹೇಳಿದ್ದು."

"ನಾನು ಮಾತಿಗೆ ಕೇಳಿಸ್ಕೊಂಡಿರ್ಲಿಲ್ಲ ಸುಬ್ಬಪ್ಪೋರೆ."

ಸುಬ್ಬಪ್ಪ ಸುತ್ತ ನೋಡಿದ. ಜಲಜಮ್ಮನೂ ಸೇರಿ ಕೇರಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅವನು ಬಿಳಿ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಒಂದು ಬುಟ್ಟಿ ಸಗಣಿ ಬಾಚಿ ಗುಂಡಿಗೆ ಹಾಕಿ ಬಂದ. ಬಾಚಿದ್ದು ನೆಟ್ಟಗಿರಲಿಲ್ಲ ಎಂದು ಶೇಷಮ್ಮ ಇನ್ನೊಂದು ಸಲ ಬಾಚಿಸಿದಳು. ಆಮೇಲೆ ಕೈಗೆ ನೀರು ಹಾಕಿ, ಕಾಫಿ ಕೊಟ್ಟಳು.

ಅಂದಿನಿಂದ ಭದ್ರಾವತಿಯಲ್ಲಿ ಹುಲ್ಲಿನ ಕರು ಇಲ್ಲವಾಯಿತು ಎಂದು ಬರೆಯಲು ನನಗೆ ಆಸೆ. ಇಲ್ಲವಾಗಲಿಲ್ಲ. ಏಳು ಮನೆಗಳಲ್ಲಿ ಅದನ್ನು ತೆಗೆದರು, ಜಲಜಮ್ಮನ ಮನೆ ಸೇರಿ. ಉಳಿದ ಕಡೆ ಇಂದಿಗೂ ನಿಂತಿವೆ. ಏಳೇ ಮನೆ ಎಂದು ನಾನು ಬೇಸರಪಟ್ಟಾಗ ಶೇಷಮ್ಮ, "ಎಂಟು. ನಂದನ್ನ ಯಾಕೆ ಬಿಟ್ಟೆ?" ಎಂದಳು.

ಈ ವರ್ಷ ಮಳೆ ನಿಂತ ಮೇಲೆ ಅವಳಿಗೆ ಎದೆನೋವು ಶುರುವಾಯಿತು. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ನಾನು ರಜೆ ಹಾಕಿ ಹೋದೆ. ಅವಳ ತಮ್ಮನ ಮಗ ಮಂಜಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಮೂವತ್ತರ ಗಂಡಸು. ಕೊಟ್ಟಿಗೆಯ ಕೆಲಸ ಅವನೇ ನೋಡಿಕೊಳ್ಳುತ್ತಿದ್ದ. ಚುಕ್ಕಿ ಎರಡನೆಯ ಸಲ ಈದು ಎರಡು ತಿಂಗಳಾಗಿತ್ತು. ಕರುವಿಗೆ ಒಂದು ಮೊಲೆ ಬಿಡಿಸಿ ಕಾಳು ಹೆಚ್ಚಿಸಬೇಕಾದ ವಾರ ಅದು.

ಹೋದ ಮಂಗಳವಾರ ಬೆಳಗ್ಗೆ ನಾನು ಎದ್ದಾಗ ಕಾರ್ಖಾನೆಯ ಏಳರ ಕೂಗು ಇನ್ನೂ ಆಗಿರಲಿಲ್ಲ, ಅವಳ ಹಾಸಿಗೆ ಖಾಲಿ ಇತ್ತು. ಕೊಟ್ಟಿಗೆಗೆ ಓಡಿದೆ. ಶೇಷಮ್ಮ ಒಂದು ಮೂಟೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ನೀರಿನ ಚೊಂಬು, ಎದುರಿಗೆ ಹಗ್ಗ ಹಿಡಿದು ನಿಂತ ಮಂಜಪ್ಪ. ಚೊಂಬಿನ ತುಂಬ ಉಮಿ ತೇಲುತ್ತಿತ್ತು.

"ಮಂಜಪ್ಪ, ಎಲ್ಲಿಂದ ತಂದೆ ಇದನ್ನ?"

"ಮಿಲ್ಲಿಂದ ಅತ್ತೆ. ಕುಟ್ಟಿದ ತೌಡು ಎಲ್ಲೂ ಸಿಗ್ಲಿಲ್ಲ. ನೀವು ಎದ್ದಿದ್ಯಾಕೆ? ಡಾಕ್ಟ್ರು..."

"ಕರುವಿಗೆ ಹಾಕಿದ್ಯಾ?"

"ಇನ್ನೂ ಇಲ್ಲ. ಒಂದು ವಾರಕ್ಕೆ ತಾನೇ ಅತ್ತೆ, ಏನಾಗುತ್ತೆ?"

"ಅದರ ಹೊಟ್ಟೆಗೆ ವಾರ ಗೊತ್ತಾಗಲ್ಲ. ವಾಪಸ್ ತಗೊಂಡ್ಹೋಗು. ಅಂಗಡಿ ಮುಂದೆ ಎಲ್ಲರೂ ನಿಂತಿರೋವಾಗ ಕೊಡು. ಯಾಕೆ ಅಂತ ಕೇಳಿದ್ರೆ ನೀರಲ್ಲಿ ಹಾಕಿ ತೋರ್ಸು. ನಾಚ್ಕೋಬೇಡ."

"ಒಳಗೆ ಬಾ, ಮಲಗು," ಎಂದೆ ನಾನು. "ನಾನು ಕಟ್ಟಿ ಕಳಿಸ್ತೀನಿ."

"ನೀನು ಕಟ್ಟಿದ ಗಂಟು ಸ್ಟೇಷನ್ ದಾಟೋ ಮುಂಚೆ ಬಿಚ್ಚುತ್ತೆ ರಾಜಿ. ಹೋಗು, ಕಾಫಿಗೆ ಇಡು."

ಚೊಂಬಿನ ನೀರನ್ನು ಗುಂಡಿಗೆ ಚೆಲ್ಲಿದಳು. ಮಂಜಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡಳು. ಮೂಟೆಯ ಬಾಯಿಯನ್ನು ಎರಡೂ ಕೈಯಿಂದ ಮುದುರಿ, ಮೊಣಕಾಲು ಒತ್ತಿ ಹಿಡಿದು, ಹಗ್ಗವನ್ನು ಮೂರು ಸುತ್ತು ಸುತ್ತಿ, ಎಳೆದು ಬಿಗಿದು ಗಂಟು ಹಾಕಿದಳು.